ಪ್ರೊಜೆಕ್ಟರ್ ಚಿತ್ರ ಬಲಗಡೆ ಸ್ಪಷ್ಟ, ಎಡಗಡೆ ಮಸುಕು: ತಪ್ಪು ಪೆಟ್ಟಿಗೆಯದ್ದಾ, ಸ್ಟೂಲಿನದ್ದಾ?

ಪ್ರಶ್ನೆ: ನಮ್ಮದು ಗದಗಿನ ಹಳೇ ಓಣಿಯಲ್ಲಿರುವ ಅಜ್ಜನ ಕಾಲದ ಮನೆ. ಪಡಸಾಲೆ 18 ಅಡಿ ಉದ್ದ, 11 ಅಡಿ ಅಗಲ. ಮೇಲೆ ತೊಲೆ, ಜಂತಿ, ಮಣ್ಣಿನ ಮಾಳಿಗೆ. ಮೂರು ತಿಂಗಳ ಹಿಂದೆ ಒಂದು ಎಲ್‌ಇಡಿ ಪ್ರೊಜೆಕ್ಟರ್ ತಂದೆವು. ಪೆಟ್ಟಿಗೆಯ ಮೇಲೆ 1080ಪಿ, ಥ್ರೋ ರೇಷಿಯೋ 1.25 ಎಂದು ಬರೆದಿದೆ. ಪ್ಲಗ್ ಪಾಯಿಂಟ್ ಇರುವುದು ಬಲಗಡೆ ಗೋಡೆಯಲ್ಲಿ ಮಾತ್ರ. ಹಾಗಾಗಿ ಪರದೆ ಗೋಡೆಯಿಂದ 9 ಅಡಿ ದೂರಕ್ಕೆ, ನಡುವಿನಿಂದ 3 ಅಡಿ ಬಲಕ್ಕೆ ಸ್ಟೂಲ್ ಇಟ್ಟು ಓರೆಯಾಗಿ ಬಿಡುತ್ತೇವೆ. ಸೊಟ್ಟ ಚಿತ್ರವನ್ನು ನೆಟ್ಟಗೆ ತೋರಿಸುವ ಕೀಸ್ಟೋನ್ ಬಟನ್ ಒತ್ತಿ ಚೌಕ ಮಾಡಿಕೊಂಡಿದ್ದೇವೆ. ಆದರೆ ಬಲಗಡೆ ಅಕ್ಷರ ನೆಟ್ಟಗಾದರೆ ಎಡಗಡೆ ಮಸುಕು, ಎಡಗಡೆ ಸರಿ ಮಾಡಿದರೆ ಬಲಗಡೆ ಮಸುಕು. ಮಧ್ಯಾಹ್ನದ ಮ್ಯಾಚಂತೂ ಕಾಣುವುದೇ ಇಲ್ಲ. ಇನ್ನೂ ದುಬಾರಿ ಪ್ರೊಜೆಕ್ಟರ್ ತರಬೇಕಾ? ಇದನ್ನೇ ತೊಲೆಗೆ ತೂಗುಹಾಕಬಹುದಾ?

ಉತ್ತರ: ಹೊಸ ಪ್ರೊಜೆಕ್ಟರ್ ತರಬೇಡಿ. ಒಂದು ಒಳ್ಳೆ ಎಕ್ಸ್‌ಟೆನ್ಶನ್ ಬೋರ್ಡ್ ತಂದು ಸ್ಟೂಲನ್ನು 3 ಅಡಿ ಎಡಕ್ಕೆ ಸರಿಸಿ. ಅರ್ಧ ಕಾಯಿಲೆ ಅಲ್ಲೇ ವಾಸಿಯಾಗುತ್ತದೆ.

ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಎಷ್ಟೋ ಮನೆ, ಶಾಲೆಗಳಲ್ಲಿ ಪ್ರೊಜೆಕ್ಟರ್ ಕೂರಿಸಿದ್ದೇನೆ. ಅದು ಎಲ್ಲಿರಬೇಕು ಅನ್ನುವುದನ್ನು ಜಾಸ್ತಿ ಸಲ ಪ್ಲಗ್ ಪಾಯಿಂಟೇ ತೀರ್ಮಾನ ಮಾಡಿರುತ್ತದೆ. ನಿಮ್ಮಲ್ಲೂ ಅದೇ ಆಗಿದೆ. ಲೆಕ್ಕ ನೋಡಿ. ನಿಮ್ಮ ಚಿತ್ರ ಸುಮಾರು 7 ಅಡಿ ಅಗಲ ಬೀಳುತ್ತಿರಬೇಕು. ಪ್ರೊಜೆಕ್ಟರ್ 3 ಅಡಿ ಬಲಕ್ಕಿದೆ. ಆಗ ಲೆನ್ಸಿನಿಂದ ಚಿತ್ರದ ಬಲ ಅಂಚಿಗೆ 9 ಅಡಿ ದೂರ, ಎಡ ಅಂಚಿಗೆ 11 ಅಡಿಗೂ ಸ್ವಲ್ಪ ಜಾಸ್ತಿ. ಲೆನ್ಸಿಗೆ ಫೋಕಸ್ ಇರುವುದು ಒಂದೇ. 9 ಅಡಿಗೆ ಹೊಂದಿಸಿದರೆ 11 ಅಡಿಯಲ್ಲಿ ಬಿಡುತ್ತದೆ, 11ಕ್ಕೆ ಹೊಂದಿಸಿದರೆ 9ರಲ್ಲಿ ಬಿಡುತ್ತದೆ. ನೀವು ಫೋಕಸ್ ಗಾಲಿಯನ್ನು ರಾತ್ರಿಯಿಡೀ ತಿರುಗಿಸಿದರೂ ಎರಡೂ ಕಡೆ ಒಟ್ಟಿಗೆ ನೆಟ್ಟಗಾಗುವುದಿಲ್ಲ. ಯಂತ್ರದ ತಪ್ಪು ಏನೂ ಇಲ್ಲ.

ಮತ್ತೆ ಕೀಸ್ಟೋನ್ ಒತ್ತಿದಾಗ ಚೌಕ ಆಯಿತಲ್ಲ, ಅಂತೀರಿ. ಚೌಕ ಆಯಿತು, ಆದರೆ ಚಿತ್ರವನ್ನು ಕತ್ತರಿಸಿ ಆಯಿತು. ಓರೆಯಾಗಿ ಬಿಟ್ಟ ಬೆಳಕು ಗೋಡೆಯ ಮೇಲೆ ಎಡಗಡೆ ಎತ್ತರ, ಬಲಗಡೆ ಗಿಡ್ಡ ಆಗಿ ಬೀಳುತ್ತದೆ. ಓರೆ ಬಟ್ಟೆ ಕೊಟ್ಟು ಚೌಕ ಕರವಸ್ತ್ರ ಹೊಲಿ ಅಂದರೆ ದರ್ಜಿ ಏನು ಮಾಡುತ್ತಾನೆ? ಸುತ್ತ ಚಿಂದಿ ತೆಗೆಯುತ್ತಾನೆ. ಕೀಸ್ಟೋನ್ ಮಾಡುವುದೂ ಅದನ್ನೇ. 1920 ಉದ್ದ, 1080 ಅಡ್ಡ ಸಾಲಿನ ಚುಕ್ಕೆಗಳಲ್ಲಿ ಒಂದಿಷ್ಟನ್ನು ಆರಿಸಿಬಿಟ್ಟು, ಪೂರ್ತಿ ಚಿತ್ರವನ್ನು ಉಳಿದ ಚುಕ್ಕೆಗಳಲ್ಲಿ ಹಿಂಡಿ ತುಂಬುತ್ತದೆ. ಒಂದು ಗೆರೆ ಎರಡು ಚುಕ್ಕೆಗಳ ನಡುವೆ ಬಿದ್ದರೆ ಎರಡಕ್ಕೂ ಅರ್ಧರ್ಧ ಹಚ್ಚುತ್ತದೆ. ಅಕ್ಷರದ ಅಂಚು ಕಲಸಿದ ಹಾಗೆ ಕಾಣುವುದು ಅದಕ್ಕೇ. ನಂಬಿಕೆ ಬರದಿದ್ದರೆ ಇವತ್ತು ರಾತ್ರಿ ದೀಪ ಎಲ್ಲ ಆರಿಸಿ, ಚಿತ್ರದ ಹೊರಗಡೆ ಗೋಡೆ ನೋಡಿ. ಸುತ್ತ ಮಂಕಾದ ಬೂದು ಪಟ್ಟಿ ಕಾಣುತ್ತದೆ, ಅಲ್ವಾ? ಅದೇ ಚಿಂದಿ. ಆರಿಸಿದ ಚುಕ್ಕೆಗಳಿಂದಲೂ ಸೋರುವ ಬೆಳಕು ಅದು.

ಹಾಗಾಗಿ ಮೆನುವಿಗೆ ಹೋಗಿ ಕೀಸ್ಟೋನನ್ನು ಸೊನ್ನೆಗೆ ತನ್ನಿ. ಆಟೋ ಕೀಸ್ಟೋನ್ ಇದ್ದರೆ ಅದನ್ನೂ ಬಂದ್ ಮಾಡಿ. ಡಿಜಿಟಲ್ ಜೂಮ್ 100ರಲ್ಲಿರಲಿ. ಅದೂ ಇದೇ ಜಾತಿ. ಈಗ ಚಿತ್ರ ಎಷ್ಟು ಸೊಟ್ಟ ಬಿದ್ದರೂ ರಿಮೋಟ್ ಮುಟ್ಟಬೇಡಿ. ಸ್ಟೂಲನ್ನು ಸರಿಸಿ ಸರಿಮಾಡಿ.

ಮೊದಲು ದೂರದ ಲೆಕ್ಕ. ಥ್ರೋ ರೇಷಿಯೋ 1.25 ಅಂದರೆ, ಚಿತ್ರದ ಅಗಲ ಎಷ್ಟೋ ಅದರ ಒಂದೂಕಾಲು ಪಟ್ಟು ದೂರ ಬೇಕು ಅಂತ. ಅಗಲ ಅಂದೆ, ಮೂಲೆಯಿಂದ ಮೂಲೆಗೆ ಅಲ್ಲ. ಟಿವಿ, ಪರದೆಗಳನ್ನು ಮೂಲೆ ಅಳತೆಯಲ್ಲಿ ಮಾರುತ್ತಾರಲ್ಲ, ಎಲ್ಲರೂ ಎಡವುವುದು ಇಲ್ಲೇ. 100 ಇಂಚಿನ ಚಿತ್ರದ ಅಗಲ ಸುಮಾರು 87 ಇಂಚು, ಎತ್ತರ 49 ಇಂಚು. 87ನ್ನು 1.25ರಿಂದ ಗುಣಿಸಿದರೆ 109 ಇಂಚು, ಅಂದರೆ 9 ಅಡಿ 1 ಇಂಚು. ನಿಮ್ಮ ಈಗಿನ 9 ಅಡಿ ಹೆಚ್ಚುಕಡಿಮೆ ಸರಿಯಾಗಿಯೇ ಇದೆ. 120 ಇಂಚು ಬೇಕೆಂದರೆ 11 ಅಡಿ. ಅಗಲ ಎಂಟೂಮುಕ್ಕಾಲು ಅಡಿ ಆಗುತ್ತದೆ, ನಿಮ್ಮ 11 ಅಡಿ ಗೋಡೆಯಲ್ಲಿ ಹಿಡಿಯುತ್ತದೆ. ಆದರೂ 100ರಲ್ಲೇ ಇರಿ. ಕಾರಣ ಬೆಳಕಿನ ಮಾತು ಬಂದಾಗ ಹೇಳುತ್ತೇನೆ.

ಈ ಅಗಲ, ಮೂಲೆ ಗೊಂದಲದಲ್ಲಿ ನಾನೂ ಒಮ್ಮೆ ಮಾನ ಕಳೆದುಕೊಂಡಿದ್ದೇನೆ. ಹೊಸದಾಗಿ ಕೆಲಸ ಶುರುಮಾಡಿದ ದಿನಗಳು. ಹಾವೇರಿ ಕಡೆ ಒಂದು ಶಾಲೆ. 150 ಇಂಚಿನ ಚೌಕಟ್ಟಿನ ಪರದೆ, 1.5ರ ಪ್ರೊಜೆಕ್ಟರ್. ನಾನು ಜಾಣನ ಹಾಗೆ 150ನ್ನು ಒಂದೂವರೆಯಿಂದ ಗುಣಿಸಿ 225 ಇಂಚಿಗೆ ಸ್ಲ್ಯಾಬಿಗೆ ಡ್ರಿಲ್ ಹೊಡೆದೆ. ಅಗಲ 131 ಇಂಚು, ಹಾಗಾಗಿ 196 ಇಂಚಿಗೆ ಹೊಡೆಯಬೇಕಿತ್ತು. ಸ್ವಿಚ್ ಹಾಕಿದರೆ ಚಿತ್ರ ಚೌಕಟ್ಟು ದಾಟಿ ಎರಡೂ ಕಡೆ ಗೇಣು ಗೇಣು ಗೋಡೆಯ ಮೇಲೆ ಹರಿದಿತ್ತು. ಅದರಲ್ಲಿ ಜೂಮ್ ಇರಲಿಲ್ಲ. ಏಣಿ ಮತ್ತೆ ಹತ್ತಿ ಎರಡೂವರೆ ಅಡಿ ಮುಂದೆ ಹೊಸ ತೂತು ಹೊಡೆದೆ. ಮಕ್ಕಳು ಸಾಲಾಗಿ ನಿಂತು ನೋಡುತ್ತಿದ್ದರು. ಅವತ್ತಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಪೇಪರಿನ ಲೆಕ್ಕ ಏನೇ ಹೇಳಲಿ, ಯಾರಾದರೂ ಪ್ರೊಜೆಕ್ಟರನ್ನು ಕೈಯಲ್ಲಿ ಹಿಡಿದು ನಿಂತು ಚಿತ್ರ ಬಿಟ್ಟು ತೋರಿಸದ ಹೊರತು ಡ್ರಿಲ್ ಕೈಗೆ ತಗೊಳ್ಳುವುದಿಲ್ಲ.

ಇನ್ನು ನೇರಕ್ಕೆ ಕೂರಿಸುವುದು. ಇದಕ್ಕೆ ದೊಡ್ಡ ಉಪಕರಣ ಬೇಡ. ಒಂದು ಟೇಪು, ಒಂದಿಷ್ಟು ಹೊಲಿಗೆ ದಾರ, ಎರಡು ಮೊಳೆ ಸಾಕು. ಗೋಡೆಯ ಮೇಲೆ ಚಿತ್ರ ಎಲ್ಲಿ ಬೇಕೋ ಅಲ್ಲಿ 87ಕ್ಕೆ 49 ಇಂಚಿನ ಚೌಕ ಪೆನ್ಸಿಲಿನಲ್ಲಿ ಎಳೆಯಿರಿ. ಕೆಳಗಿನ ಎರಡು ಮೂಲೆಗೆ ಒಂದೊಂದು ಸಣ್ಣ ಮೊಳೆ. ಎರಡು ಮೊಳೆಗೂ ದಾರ ಕಟ್ಟಿ, ಎರಡು ತುದಿಯನ್ನೂ ಲೆನ್ಸಿನ ಹತ್ತಿರ ತನ್ನಿ. ಎರಡು ದಾರವೂ ಒಂದೇ ಉದ್ದಕ್ಕೆ ಬಿಗಿಯಾಗಿ ನಿಂತರೆ ಲೆನ್ಸ್ ನಡುವಿನಲ್ಲಿದೆ ಅಂತ ಅರ್ಥ. ಒಂದು ಸಡಿಲ, ಒಂದು ಬಿಗಿ ಆದರೆ ಸಡಿಲ ಆದ ಕಡೆಗೆ ನೀವು ವಾಲಿದ್ದೀರಿ. ಆಮೇಲೆ ಪ್ರೊಜೆಕ್ಟರ್ ಹಾಕಿ, ಅದರ ಮೂತಿಯನ್ನು ಕೂದಲೆಳೆ ಅಷ್ಟಷ್ಟೇ ತಿರುಗಿಸುತ್ತಾ ಚಿತ್ರವನ್ನು ಚೌಕದೊಳಗೆ ಕೂರಿಸಿ. ಚಿತ್ರದ ಎಡ ಅಂಚಿನ ಎತ್ತರ, ಬಲ ಅಂಚಿನ ಎತ್ತರ ಟೇಪಿನಲ್ಲಿ ಅಳೆಯಿರಿ. ಎರಡೂ ಒಂದೇ ಬರಬೇಕು. ಹಾಗೇ ಮೇಲಿನ ಅಗಲ, ಕೆಳಗಿನ ಅಗಲ. ಮೇಲೆ ಜಾಸ್ತಿ ಬಂದರೆ ಪ್ರೊಜೆಕ್ಟರ್ ಮುಖ ಎತ್ತಿದೆ, ಮುಂದಿನ ಕಾಲಿನ ತಿರುಪು ಇಳಿಸಿ.

ಒಂದು ಎಚ್ಚರಿಕೆ. ಹೊಸ ಮನೆಯವರಿಗೆ ನಾನು ಮೊಬೈಲಿನ ಮಟ್ಟ ನೋಡುವ ಆ್ಯಪ್ ಹಾಕಿ ಪ್ರೊಜೆಕ್ಟರ್ ಬೆನ್ನ ಮೇಲಿಟ್ಟು ನೋಡಿ ಅನ್ನುತ್ತೇನೆ. ನಿಮಗೆ ಅನ್ನುವುದಿಲ್ಲ. ನಮ್ಮ ಎರೆ ಮಣ್ಣಿನ ನೆಲ ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನಿಂತ ಹಳೇ ಮನೆಯ ಗೋಡೆ ಎಷ್ಟೋ ಸಲ ಗೌಂಡಿಯ ತೂಗುಗುಂಡಿಗೆ ಹೊಂದುವುದಿಲ್ಲ. ಒಳಕ್ಕೋ ಹೊರಕ್ಕೋ ಸ್ವಲ್ಪ ವಾಲಿರುತ್ತದೆ. ಗೋಡೆಯೇ ಎರಡು ಡಿಗ್ರಿ ವಾಲಿದ್ದರೆ ಪ್ರೊಜೆಕ್ಟರ್ ಕೂಡ ಅಷ್ಟೇ ವಾಲಬೇಕು. ಅಲ್ಲಿ ನೆಲದ ಮಟ್ಟ ಬಿಟ್ಟುಬಿಡಿ. ದಾರ ಮತ್ತು ಟೇಪು ಹೇಳಿದ್ದನ್ನು ಕೇಳಿ.

ಎತ್ತರದ ವಿಷಯ. ನೀವು ಸೋಫಾದಲ್ಲಿ ಕೂರುತ್ತೀರೋ, ಜಮಖಾನೆ ಹಾಸಿ ಕೂರುತ್ತೀರೋ ಬರೆದಿಲ್ಲ. ಪಡಸಾಲೆ ಅಂದಮೇಲೆ ಜಮಖಾನೆಯೇ ಅಂದುಕೊಳ್ಳುತ್ತೇನೆ. ನೆಲದ ಮೇಲೆ ಕೂತವರ ಕಣ್ಣು ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ಚಿತ್ರದ ಕೆಳ ಅಂಚು ನೆಲದಿಂದ 2 ಅಡಿಗೆ ಇರಲಿ. ಆಗ ಮೇಲಿನ ಅಂಚು 6 ಅಡಿಗೆ ಬರುತ್ತದೆ, ಕತ್ತು ನೋಯುವುದಿಲ್ಲ. ಬಹಳ ಜನ ಗೋಡೆಯ ನೆತ್ತಿಗೆ ಚಿತ್ರ ಏರಿಸಿ, ದೇವರ ಫೋಟೋ ನೋಡಿದ ಹಾಗೆ ಎರಡು ತಾಸು ಕತ್ತೆತ್ತಿ ಕೂರುತ್ತಾರೆ. ಯಾಕೋ ಗೊತ್ತಿಲ್ಲ.

ಪ್ರೊಜೆಕ್ಟರ್ ಎಷ್ಟು ಎತ್ತರಕ್ಕೆ ಬೇಕು ಅನ್ನುವುದು ಅದರ ಲೆನ್ಸ್ ಬೆಳಕನ್ನು ಹೇಗೆ ಎಸೆಯುತ್ತದೆ ಅನ್ನುವುದರ ಮೇಲಿದೆ. ಕೆಲವು ಲೆನ್ಸಿನ ಮಟ್ಟದಿಂದ ಮೇಲಕ್ಕೇ ಚಿತ್ರ ಬಿಡುತ್ತವೆ. ಕೆಲವು ಅರ್ಧ ಮೇಲೆ, ಅರ್ಧ ಕೆಳಗೆ. ಯಂತ್ರವನ್ನು ಸಮ ಮೇಜಿನ ಮೇಲಿಟ್ಟು, ಕಾಲು ಎತ್ತದೆ, ಕೀಸ್ಟೋನ್ ಸೊನ್ನೆಯಲ್ಲಿಟ್ಟು ಗೋಡೆಗೆ ಬಿಡಿ. ಲೆನ್ಸಿನ ಎತ್ತರ, ಚಿತ್ರದ ಕೆಳ ಅಂಚಿನ ಎತ್ತರ ಅಳೆದು ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಬಂದರೆ ನಿಮ್ಮ ಸ್ಟೂಲಿನ ಮೇಲೆ ಲೆನ್ಸ್ 2 ಅಡಿಗೆ ಇದ್ದರೆ ಸಾಕು. ಕೆಳ ಅಂಚು ಲೆನ್ಸಿಗಿಂತ ಕೆಳಗೆ ಬಂದರೆ ಅಷ್ಟೇ ಅಂತರ ಸ್ಟೂಲನ್ನು ಎತ್ತರಿಸಿ. ಮೂತಿ ಎತ್ತಬೇಡಿ, ಪೂರ್ತಿ ಯಂತ್ರವನ್ನೇ ಎತ್ತಿ.

ಈಗ ತೊಲೆಯ ಪ್ರಶ್ನೆ. ತೂಗುಹಾಕಬಹುದು. ಹಳೇ ಸಾಗವಾನಿಯ ತೊಲೆ ಸ್ಕ್ರೂವನ್ನು ಚೆನ್ನಾಗಿ ಹಿಡಿಯುತ್ತದೆ. ತೊಲೆಗೇ ಹಾಕಿ, ಜಂತಿಗೆ ಬೇಡ. ಗೆದ್ದಲು ಹತ್ತಿದೆಯಾ ಅಂತ ಮೊದಲು ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಬಿಟ್ಟುಬಿಡಿ. ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಹಾಕುವುದಿಲ್ಲ. ಮೂರು ಕಾರಣ ನನ್ನ ಮನಸ್ಸಲ್ಲಿವೆ. ಮೇಲಿನಿಂದ ತಲೆಕೆಳಗಾಗಿ ತೂಗುಹಾಕಿದರೆ ಲೆನ್ಸು ಚಿತ್ರದ ಮೇಲಿನ ಅಂಚಿನ ಮಟ್ಟಕ್ಕೆ ಬರಬೇಕು. ಅಂದರೆ 6 ಅಡಿಗೆ. ಪಡಸಾಲೆಯ ನಟ್ಟನಡುವೆ, ಪರದೆಯಿಂದ 9 ಅಡಿಗೆ, 6 ಅಡಿ ಎತ್ತರದಲ್ಲಿ ಒಂದು ಪೆಟ್ಟಿಗೆ ನೇತಾಡಿದರೆ ಮನೆಗೆ ಬಂದ ಬೀಗರ ಹಣೆ ಉಳಿಯುವುದಿಲ್ಲ. ಎತ್ತರಕ್ಕೇ ಬಿಟ್ಟು ಮೂತಿ ಬಗ್ಗಿಸಿದರೆ ಮತ್ತೆ ಕೀಸ್ಟೋನ್, ಮತ್ತೆ ಮಸುಕು. ಎರಡನೆಯದು ಮಾಳಿಗೆಯ ಮಣ್ಣು. ಯಾರಾದರೂ ಮೇಲೆ ಹಪ್ಪಳ ಒಣಹಾಕಲು ಓಡಾಡಿದರೂ ಜಂತಿಯ ಸಂದಿನಿಂದ ಸಣ್ಣಗೆ ಉದುರುತ್ತದೆ. ಅದು ನೇರ ಫ್ಯಾನಿನ ಬಾಯಿಗೆ. ಜೊತೆಗೆ ಆ ಓಡಾಟಕ್ಕೆ ತೊಲೆ ಸ್ವಲ್ಪ ಅದುರುತ್ತದೆ. ತೊಲೆಯಲ್ಲಿ ಕೂದಲೆಳೆ ಅದುರಿದರೆ 9 ಅಡಿ ದೂರದ ಚಿತ್ರದಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ.

ಸ್ಟೂಲೇ ನಿಮಗೆ ಸರಿ. ನಿಮ್ಮ ಅದೃಷ್ಟಕ್ಕೆ ಲೆಕ್ಕವೂ ಹೊಂದುತ್ತದೆ. 100 ಇಂಚಿನ ಚಿತ್ರವನ್ನು 10ರಿಂದ 13 ಅಡಿ ದೂರ ಕೂತು ನೋಡಿದರೆ ಚೆನ್ನ. ಸ್ಟೂಲ್ 9 ಅಡಿಗಿದೆ. ಎಲ್ಲರೂ ಅದರ ಹಿಂದೆ ಕೂರಿ, ಯಾರ ತಲೆಯೂ ಬೆಳಕಿಗೆ ಅಡ್ಡ ಬರುವುದಿಲ್ಲ. ಮುಂದೆ ಹೋಗಿ ಕೂರುವ ಮಕ್ಕಳಿಗೆ ಗೋಡೆಯ ಪಕ್ಕ ಜಾಗ ಕೊಡಿ, ಲೆನ್ಸಿನೊಳಗೆ ಇಣುಕಬೇಡಿ ಅಂತ ಗದರಿಸಿ ಹೇಳಿ. ವೈರನ್ನು ನಡೆದಾಡುವ ದಾರಿಯಲ್ಲಿ ಬಿಡದೆ ಗೋಡೆಯ ಅಂಚಿಗೆ ಹಾಯಿಸಿ. ಸ್ಟೂಲ್ ಒಮ್ಮೆ ಸರಿಯಾಗಿ ಕೂತ ಮೇಲೆ ಅದರ ಕಾಲುಗಳ ಜಾಗಕ್ಕೆ ಪರಸಿಯ ಮೇಲೆ ನೇಲ್ ಪಾಲಿಶ್ ಚುಕ್ಕೆ ಇಡಿ. ಬೆಳಗ್ಗೆ ಕಸ ಗುಡಿಸಲು ಸ್ಟೂಲ್ ಎತ್ತಿದರೂ ರಾತ್ರಿ ಅರ್ಧ ನಿಮಿಷದಲ್ಲಿ ಅದೇ ಜಾಗಕ್ಕೆ ಬರುತ್ತದೆ.

ಫೋಕಸ್ ಮಾಡುವುದಕ್ಕೂ ಒಂದು ಕ್ರಮವಿದೆ. ಯಂತ್ರ ಹಾಕಿದ ತಕ್ಷಣ ಮಾಡಬೇಡಿ. 20 ನಿಮಿಷ ಓಡಲಿ. ಲೆನ್ಸು, ಒಳಗಿನ ಭಾಗಗಳು ಬಿಸಿಯಾದ ಮೇಲೆ ಫೋಕಸ್ ಸ್ವಲ್ಪ ಜರುಗುತ್ತದೆ. ಕಡಿಮೆ ಬೆಲೆಯ ಎಲ್‌ಇಡಿ ಯಂತ್ರಗಳಲ್ಲಿ ಇದು ಜಾಸ್ತಿ. ಫೋಕಸಿಗೆ ಸಿನಿಮಾ ಹಾಕಬೇಡಿ, ಹೀರೋ ಮುಖ ಯಾವಾಗಲೂ ನೆಟ್ಟಗೇ ಕಾಣುತ್ತದೆ. ನಾನು ಮಾಡುವುದು ಹೀಗೆ. ಲ್ಯಾಪ್‌ಟಾಪಿನಲ್ಲಿ ಕಪ್ಪು ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ‘ರಾಷ್ಟ್ರ’, ‘ಲಕ್ಷ್ಮಿ’, ‘ಸ್ತ್ರೀ’ ಎಂದು ನಾಲ್ಕು ಮೂಲೆಗೂ ನಡುವಿಗೂ ಸಣ್ಣದಾಗಿ ಟೈಪ್ ಮಾಡಿಟ್ಟಿದ್ದೇನೆ. ನಮ್ಮ ಒತ್ತಕ್ಷರಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ‘ಷ್ಟ್ರ’ದ ಕೆಳಗಿನ ಎರಡು ಒತ್ತು ಬೇರೆ ಬೇರೆಯಾಗಿ ಕಾಣಬೇಕು. ಕಲಸಿ ಒಂದು ಬಿಳಿ ಉಂಡೆಯಾದರೆ ಫೋಕಸ್ ಬಿಟ್ಟಿದೆ. ಗೋಡೆಯಿಂದ ಒಂದು ಮಾರು ದೂರ ನಿಂತು ನೋಡಿ, ಇನ್ನೊಬ್ಬರು ಗಾಲಿ ತಿರುಗಿಸಲಿ. ನಡುವೆ ನೆಟ್ಟಗೆ, ನಾಲ್ಕೂ ಮೂಲೆ ಒಂದೇ ಸಮ ಸ್ವಲ್ಪ ಮೆತ್ತಗೆ ಆದರೆ ಅದು ಲೆನ್ಸಿನ ಗುಣ, ಆ ಬೆಲೆಗೆ ಸಹಿಸಿಕೊಳ್ಳಿ. ಒಂದೇ ಕಡೆ ಮಸುಕಾದರೆ ಸ್ಟೂಲ್ ಇನ್ನೂ ಓರೆ ಇದೆ.

ಇಷ್ಟಾದರೂ ಅಕ್ಷರ ಒರಟಾಗಿದ್ದರೆ ಯಂತ್ರದ ಕಾಗದ ತೆಗೆದು ನೋಡಿ. ‘1080ಪಿ ಸಪೋರ್ಟ್’ ಬೇರೆ, ‘ನೇಟಿವ್ 1080ಪಿ’ ಬೇರೆ. ಸಪೋರ್ಟ್ ಅಂದರೆ ಅಂಥ ಚಿತ್ರ ಬಂದರೆ ಒಳಗೆ ತಗೊಳ್ಳುತ್ತದೆ ಅಂತ ಅಷ್ಟೇ. ಒಳಗಿನ ಫಲಕದಲ್ಲಿ 854 ಉದ್ದ, 480 ಅಡ್ಡ ಸಾಲಿನ ಚುಕ್ಕೆ ಮಾತ್ರ ಇರಬಹುದು. ಹಾಗಿದ್ದರೆ ಯಾವ ಸ್ಟೂಲೂ ನೆರವಾಗುವುದಿಲ್ಲ. ನೇಟಿವ್ ಆಗಿದ್ದರೆ ಲ್ಯಾಪ್‌ಟಾಪ್, ಸೆಟ್‌ಟಾಪ್ ಬಾಕ್ಸ್ ಎರಡರಲ್ಲೂ ಔಟ್‌ಪುಟ್ 1920ಕ್ಕೆ 1080 ಎಂದು ನೀವೇ ಆರಿಸಿ. ಶಾರ್ಪ್‌ನೆಸ್ ಕಡಿಮೆ ಮಾಡಿ. ಹೆಸರು ಕೇಳಿ ಮೋಸ ಹೋಗಬೇಡಿ, ಅದು ಸುಮ್ನೆ ಅಕ್ಷರದ ಸುತ್ತ ಬಿಳಿ ಗೆರೆ ಬಳಿಯುತ್ತದೆ.

ಮಧ್ಯಾಹ್ನದ ಮ್ಯಾಚ್. ಪ್ರೊಜೆಕ್ಟರ್ ಬೆಳಕು ಬಿಡಬಲ್ಲದು, ಕಪ್ಪನ್ನು ಬಿಡಲಾರದು. ಮಧ್ಯಾಹ್ನ ಯಂತ್ರ ಆರಿಸಿ ಗೋಡೆ ನೋಡಿ. ಆ ಗೋಡೆ ಎಷ್ಟು ಬೆಳ್ಳಗಿದೆಯೋ, ಚಿತ್ರದಲ್ಲಿ ನಿಮಗೆ ಸಿಗುವ ಅತಿ ಕಪ್ಪು ಬಣ್ಣ ಅದೇ. ಬೆಳಕಿಂಡಿಯಿಂದ ಬಿಸಿಲು ಬೀಳುವ ಪಡಸಾಲೆಯಲ್ಲಿ ಎಷ್ಟು ದುಬಾರಿ ಯಂತ್ರ ತಂದರೂ ಇದು ಬದಲಾಗುವುದಿಲ್ಲ. ಬೆಳಕಿಂಡಿಗೆ ಮುಚ್ಚಳ ಹಾಕಿ. ಪರದೆಯ ಎದುರು ಗೋಡೆಯಲ್ಲಿ ಕಿಟಕಿ, ಬಾಗಿಲು ಇದ್ದರೆ ಮೊದಲು ಅವಕ್ಕೆ ದಪ್ಪ ಪರದೆ ಕಟ್ಟಿ, ಅವು ನೇರ ಚಿತ್ರದ ಮೇಲೇ ಬೆಳಕು ಸುರಿಯುತ್ತವೆ. ಪಕ್ಕದ ಕಿಟಕಿ ಅಷ್ಟು ಕಾಡುವುದಿಲ್ಲ. ಸಂಜೆ ಏಳೂವರೆಯ ಮ್ಯಾಚಿಗೆ ಈ ಚಿಂತೆಯೇ ಇಲ್ಲ. ಮೇ ತಿಂಗಳಲ್ಲೂ ನಮ್ಮ ಕಡೆ ಏಳರ ಹೊತ್ತಿಗೆ ಹೊತ್ತು ಮುಳುಗಿರುತ್ತದೆ. ಟ್ಯೂಬ್‌ಲೈಟ್ ಮಾತ್ರ ಆರಿಸಿ. ಊಟ ಮಾಡುತ್ತಾ ನೋಡಬೇಕೆಂದರೆ ಹಿಂದೆ ಅಡುಗೆಮನೆ ಬಾಗಿಲ ಹತ್ತಿರ ಒಂದು ಸಣ್ಣ ಬಲ್ಬ್ ಸಾಕು.

100 ಇಂಚಿನಲ್ಲೇ ಇರಿ ಅಂದದ್ದು ಇದಕ್ಕೇ. 100ರಿಂದ 120ಕ್ಕೆ ಹೋದರೆ ಚಿತ್ರದ ಹರವು 1.44 ಪಟ್ಟಾಗುತ್ತದೆ. ಬೆಳಕು ಅಷ್ಟೇ ಇರುತ್ತದೆ. ಅದೇ ಬೆಲ್ಲ, ನೀರು ಜಾಸ್ತಿ. ಸಿನಿಮಾ ಮಂದಿರದ ಅಳತೆ ಹಿಡಿದರೆ, ಪೂರ್ತಿ ಕತ್ತಲಲ್ಲಿ 100 ಇಂಚಿಗೆ ಸುಮಾರು 500 ಆನ್ಸಿ ಲ್ಯೂಮೆನ್ಸ್ ಸಾಕು. ಲ್ಯೂಮೆನ್ಸ್ ಅಂದರೆ ಬೆಳಕಿನ ಅಳತೆ, ಆನ್ಸಿ ಅಂದರೆ ಅದನ್ನು ಗೊತ್ತಾದ ಕ್ರಮದಲ್ಲಿ ಅಳೆದದ್ದು ಅಂತ. ಆನ್ಸಿ ಅನ್ನುವ ಪದ ಇದೆಯಾ ನೋಡಿ. ಪೆಟ್ಟಿಗೆ ಮೇಲೆ ಬರೀ ‘9000 ಲ್ಯೂಮೆನ್ಸ್’ ಎಂದು ದಪ್ಪ ಅಕ್ಷರದಲ್ಲಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ದುಡ್ಡು ಖರ್ಚು ಮಾಡಲೇಬೇಕು ಅನಿಸಿದರೆ ಗೋಡೆಗೆ ಮಾಡಿ. ಹಳೇ ಮನೆಗಳಲ್ಲಿ ಸುಣ್ಣಕ್ಕೆ ನೀಲಿ ಬೆರೆಸಿ ಬಳಿದಿರುತ್ತಾರೆ. ಕಣ್ಣಿಗೆ ಬಿಳಿ ಕಾಣುತ್ತದೆ, ಚಿತ್ರ ಬಿಟ್ಟರೆ ಎಲ್ಲರ ಮುಖಕ್ಕೂ ನೀಲಿ ಛಾಯೆ ಹತ್ತುತ್ತದೆ. ಆ ಚೌಕದಷ್ಟು ಜಾಗವನ್ನು ಪುಟ್ಟಿ ಹಾಕಿ ನಯ ಮಾಡಿಸಿ, ಹೊಳಪಿಲ್ಲದ ಬಿಳಿ ಬಣ್ಣ ಎರಡು ಕೈ ಹೊಡೆಸಿ. ಆಯಿಲ್ ಪೇಂಟ್ ಬೇಡ, ನಡುವೆ ಲೆನ್ಸಿನ ಹೊಳಪು ಕಣ್ಣಿಗೆ ಕುಕ್ಕುತ್ತದೆ. ಸುತ್ತ ಮೂರು ಇಂಚಿನ ಕಪ್ಪು ಪಟ್ಟಿ ಬಳಿದರೆ ಅದೇ ಚಿತ್ರ ಇನ್ನಷ್ಟು ಗಟ್ಟಿಯಾಗಿ ಕಾಣುತ್ತದೆ. ಪೇಂಟರ್ ಬರುವವರೆಗೆ ಅಜ್ಜನ ಬಿಳಿ ಧೋತರ ಕಟ್ಟಬಹುದು. ಧೋತರದ ಪನ್ನಾ ಹೆಚ್ಚುಕಡಿಮೆ 50 ಇಂಚು, ನಿಮ್ಮ ಚಿತ್ರದ ಎತ್ತರ 49. ಹೇಳಿ ಮಾಡಿಸಿದ ಹಾಗಿದೆ! ಇಸ್ತ್ರಿ ಮಾಡಿ, ನಾಲ್ಕೂ ಕಡೆ ಬಿಗಿಯಾಗಿ ಎಳೆದು ಕಟ್ಟಿ. ಒಂದೇ ಪದರಾದರೆ ಬೆಳಕು ಹಾದುಹೋಗುತ್ತದೆ, ಎರಡು ಪದರು ಮಾಡಿ ಹಿಂದೆ ಕರಿ ಕಂಬಳಿ ಹಾಕಿ. ಫ್ಯಾನ್ ಮಾತ್ರ ನಿಧಾನ ಇರಲಿ, ಇಲ್ಲದಿದ್ದರೆ ಬೌಲರ್ ಜೊತೆ ಸ್ಟಂಪೂ ಓಡುತ್ತದೆ.

ಕೊನೆಗೆ ಗಾಳಿ ಮತ್ತು ಧೂಳು. ಗಾಳಿ ಬರುವ, ಹೋಗುವ ಜಾಲರಿಗಳ ಮುಂದೆ ಒಂದು ಅಡಿ ಖಾಲಿ ಬಿಡಿ. ಗಾದಿ, ದಿಂಬಿನ ಮೇಲೆ ಇಡಬೇಡಿ. ಬಹಳಷ್ಟು ಯಂತ್ರಗಳಿಗೆ 35ರಿಂದ 40 ಡಿಗ್ರಿ ಸೆಕೆಯೇ ಮಿತಿ. ಏಪ್ರಿಲ್ ಮಧ್ಯಾಹ್ನ ಗದಗಿನಲ್ಲಿ ಅದು ಸುಲಭವಾಗಿ ಮುಟ್ಟುತ್ತದೆ. ಫಿಲ್ಟರ್ ಇದ್ದರೆ ತಿಂಗಳಿಗೊಮ್ಮೆ ತೆಗೆದು ಮೆತ್ತಗಿನ ಬ್ರಷ್ಷಿನಿಂದ ಒರೆಸಿ. ಬ್ಯಾಡಗಿ ಮಾರುಕಟ್ಟೆ ಹತ್ತಿರದ ಒಂದು ಅಂಗಡಿಯಲ್ಲಿ ನಾನು ಫಿಲ್ಟರ್ ತೆಗೆದು, ಬುದ್ಧಿ ಇಲ್ಲದೆ ಬಾಯಲ್ಲಿ ಊದಿದೆ. ಅದು ಧೂಳಲ್ಲ, ಒಣಮೆಣಸಿನಕಾಯಿ ಪುಡಿ. ಮುಂದಿನ ಅರ್ಧ ತಾಸು ಅಂಗಡಿಯವರೂ ನಾನೂ ಸೀನಿದ್ದೇ ಸೀನಿದ್ದು. ನಿಮ್ಮಲ್ಲಿ ಬರೀ ಮಾಳಿಗೆ ಮಣ್ಣು ತಾನೇ. ಆದರೂ ಅಂಗಳಕ್ಕೆ ಒಯ್ದು ಒರೆಸಿ, ಮತ್ತೆ ಹಾಕುವಾಗ ಸ್ಟೂಲ್ ಜರುಗಿದರೆ ನೇಲ್ ಪಾಲಿಶ್ ಚುಕ್ಕೆ ನೋಡಿಕೊಳ್ಳಿ.